ನಮ್ಮೂರ ಚಿತ್ರದಲ್ಲಿ ಹಸಿರು ಯಾಕೆ ಕಡಿಮೆ

ಕಳೆದ ಆಗಸ್ಟ್‌ನಲ್ಲಿ ಒಬ್ಬರು ಫೋನ್ ಮಾಡಿದ್ದರು. ಹೊಸ ಮನೆ ಕಟ್ಟಿಸಿದ್ದಾರೆ, ಹಾಲ್‌ನ ದೊಡ್ಡ ಗೋಡೆಗೆ ಮಲೆನಾಡಿನ ಒಂದು ಚಿತ್ರ ಬೇಕು. ನನ್ನ ಕೆಲವು ಚಿತ್ರಗಳನ್ನು ನೋಡಿದ್ದಾರೆ, ಇಷ್ಟವೂ ಆಗಿದೆ. ತುಂಬ ಒಳ್ಳೆಯ ಮಾತಾಡಿದರು. ಕೊನೆಗೆ ಒಂದೇ ಒಂದು ಕೋರಿಕೆ: 'ಮೇಡಂ, ಸ್ವಲ್ಪ ಹಸಿರು ಜಾಸ್ತಿ ಹಾಕಿಕೊಡ್ತೀರಾ? ಮಲೆನಾಡು ಅಂದ್ರೆ ಹಸಿರು ಅಲ್ವಾ?'

ಆಗಲಿ, ನೋಡ್ತೀನಿ ಅಂದೆ. ಹದಿನೈದು ದಿನ ಕೂತೆ. ಕಾಗದದ ಮೇಲೆ ಗುಡ್ಡ ಬಂತು, ತೋಟ ಬಂತು, ಹಸಿರು ಬಂತು. ನಮ್ಮೂರು ಮಾತ್ರ ಬರಲಿಲ್ಲ. ಹದಿನಾರನೇ ದಿನ ಅವರಿಗೆ ಫೋನ್ ಮಾಡಿ, ನನ್ನಿಂದ ಇದು ಆಗ್ತಾ ಇಲ್ಲ, ದಯವಿಟ್ಟು ಬೇರೆ ಯಾರಿಂದಾದರೂ ಬರೆಸಿಕೊಳ್ಳಿ ಎಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಆದರೆ 'ಯಾಕೆ ಮೇಡಂ?' ಅಂತ ಕೇಳಿದರು. ಆಗ ಫೋನಿನಲ್ಲಿ ಹೇಳೋಕೆ ಆಗಲಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ನಮ್ಮೂರು ಶರಾವತಿ ಹಿನ್ನೀರಿನ ಆಚೆ ದಡದಲ್ಲಿದೆ. ಸಾಗರ ತಾಲ್ಲೂಕು, ಕರೂರು ಹೋಬಳಿ. ಊರು ಅಂದರೆ ಏಳು ಮನೆ. ಒಂದು ಮನೆಯಿಂದ ಇನ್ನೊಂದಕ್ಕೆ ಕೂಗಿದರೆ ಕೇಳುವುದಿಲ್ಲ, ನಡುವೆ ತೋಟ, ದರೆ, ಹಳ್ಳ ಎಲ್ಲ ಇದೆ. ನಾನು ಚಿಕ್ಕವಳಿದ್ದಾಗ ಸಾಗರಕ್ಕೆ ಹೋಗಬೇಕೆಂದರೆ ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು, ಕಾಡುದಾರಿಯಲ್ಲಿ ಮುಕ್ಕಾಲು ಗಂಟೆ ನಡೆದು, ತುಮರಿ ಕಡೆಯಿಂದ ಬರುವ ಬಸ್ ಹಿಡಿದು, ಕಳಸವಳ್ಳಿ ದಡದಲ್ಲಿ ಲಾಂಚ್‌ಗೆ ಕಾದು, ಹಿನ್ನೀರು ದಾಟಿ ಹೊಳೆಬಾಗಿಲಲ್ಲಿ ಇಳಿದು, ಮತ್ತೆ ಬಸ್ ಹತ್ತಬೇಕಿತ್ತು. ಕತ್ತಲಾದ ಮೇಲೆ ಲಾಂಚ್ ಇಲ್ಲ. ಸಂಜೆಯ ಕೊನೆ ಲಾಂಚ್ ತಪ್ಪಿತು ಅಂದರೆ ಆ ರಾತ್ರಿ ಈಚೆ ದಡದಲ್ಲೇ ಯಾರದಾದರೂ ನೆಂಟರ ಮನೆ ಹುಡುಕಬೇಕು. ಹೆರಿಗೆ ನೋವು ಬಂದವರಿಗೂ, ಹಾವು ಕಚ್ಚಿದವರಿಗೂ ಅದೇ ನೀರು ಅಡ್ಡ.

ನಮ್ಮ ಮನೆ ಮೊದಲು ಅಲ್ಲಿರಲಿಲ್ಲ. ಕೆಳಗಿತ್ತು. ಎಷ್ಟು ಕೆಳಗೆ ಅಂದರೆ ಈಗ ನೀರಿನೊಳಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹೊಳೆ ನಿಂತಿತು. ಗದ್ದೆ, ತೋಟ, ದೇವಸ್ಥಾನ, ಸ್ಮಶಾನ, ಸಂತೆ ಮಾಳ, ಎಲ್ಲದರ ಮೇಲೂ ನೀರು ಬಂತು. ಎಷ್ಟೋ ಕುಟುಂಬಗಳು ಸಾಮಾನು ಗಂಟು ಕಟ್ಟಿಕೊಂಡು ಎಲ್ಲೆಲ್ಲೋ ದೂರದ ಕಾಡಿಗೆ ಹೋದವು. ಇವತ್ತಿಗೂ ಅವರಲ್ಲಿ ತುಂಬ ಜನಕ್ಕೆ ತಾವು ಉಳುವ ಜಮೀನಿನ ಹಕ್ಕುಪತ್ರ ಕೈಗೆ ಬಂದಿಲ್ಲ. ನಮ್ಮಜ್ಜ ದೂರ ಹೋಗಲಿಲ್ಲ. ಗದ್ದೆ ಹೋಯಿತು, ಗುಡ್ಡದ ಮೇಲೆ ಒಂದೂವರೆ ಎಕರೆ ಉಳಿಯಿತು. ಹಳೇ ಮನೆಯ ಕಂಬ, ಬಾಗಿಲು, ಹೆಂಚು ಬಿಚ್ಚಿ ಎತ್ತಿನಗಾಡಿಯಲ್ಲಿ ಹೇರಿಕೊಂಡು ಮೇಲೆ ಹತ್ತಿದರು. ಉಳಿದ ಆರು ಮನೆಯವರೂ ಹಾಗೇ ಬಂದವರು. ಹಾಗಾಗಿ ನಮ್ಮೂರಿನ ಬಾಗಿಲುಗಳೆಲ್ಲ ಊರಿಗಿಂತ ಹಳೆಯವು.

ಅಜ್ಜ ಸಂಜೆ ಜಗಲಿಯಲ್ಲಿ ಕೂತು ನೀರು ನೋಡುತ್ತಿದ್ದರು. ನೀರಿನ ಮಧ್ಯೆ ಅಲ್ಲಲ್ಲಿ ಒಣಮರಗಳು ನಿಂತಿರುತ್ತವೆ. ಮುಳುಗಿ ಸತ್ತ ಮರಗಳು. ಎಷ್ಟು ವರ್ಷವಾದರೂ ಬೀಳದೆ ಕಪ್ಪಗೆ ನಿಂತಿವೆ. ಅಜ್ಜ ಕೈ ತೋರಿಸಿ ಹೇಳುತ್ತಿದ್ದರು: 'ಅಗಾ ಅಲ್ಲಿ, ಆ ಮತ್ತಿ ಮರ ಕಾಣ್ತದಲ್ಲ, ಅದರ ಎಡಕ್ಕೆ ಹತ್ತು ಮಾರು ಹೋದ್ರೆ ನಮ್ಮ ಬಾವಿ. ಬಾವಿಯಿಂದ ನೇರ ನಡೆದ್ರೆ ಮೂರು ಗದ್ದೆ.' ನಾನು ನೋಡುತ್ತಿದ್ದೆ. ನೀರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೂ ಅಜ್ಜನ ಬೆರಳು ಹೋದ ಕಡೆ ನನ್ನ ಕಣ್ಣೂ ಹೋಗುತ್ತಿತ್ತು. ಕಾಣದೇ ಇರುವ ಜಾಗವನ್ನು ಅಳತೆ ಸಮೇತ ನೋಡುವುದನ್ನು ನಾನು ಮೊದಲು ಕಲಿತಿದ್ದು ಆ ಜಗಲಿಯಲ್ಲಿ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ನಮ್ಮ ಮನೆಗೆ ಕರೆಂಟ್ ಬಂದಿದ್ದು ನಾನು ಏಳನೇ ಕ್ಲಾಸಿನಲ್ಲಿದ್ದಾಗ. ಅಲ್ಲಿವರೆಗೆ ಚಿಮಣಿ ಬುಡ್ಡಿ. ಈ ಎರಡು ಸಂಗತಿಯನ್ನು ಒಟ್ಟಿಗೆ ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಈಗ ಬಣ್ಣದ ವಿಷಯಕ್ಕೆ ಬರುತ್ತೇನೆ.

ಮಲೆನಾಡು ಹಸಿರು ಅನ್ನುವವರು ಹೆಚ್ಚಾಗಿ ಮಳೆ ಬಿಟ್ಟ ಮೇಲೆ, ಸೆಪ್ಟೆಂಬರ್‌ನಿಂದಾಚೆ ಬಂದವರು. ಆರಿದ್ರೆ ಮಳೆ ಹಿಡಿದ ಮೇಲೆ ನಮ್ಮೂರಲ್ಲಿ ಹಸಿರು ಎಲ್ಲಿ ಕಾಣುತ್ತದೆ? ಎದುರಿನ ಗುಡ್ಡ ಇರುವುದಿಲ್ಲ. ಹಿನ್ನೀರು ಇರುವುದಿಲ್ಲ. ಅಂಗಳದಾಚೆಯ ಹಲಸಿನ ಮರ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಪುನರ್ವಸು, ಪುಷ್ಯ, ಆಶ್ಲೇಷ ಅಂತ ಒಂದರ ಹಿಂದೆ ಒಂದು ಮಳೆ ನಕ್ಷತ್ರ ಮುಗಿಯುವವರೆಗೂ ಎಲ್ಲ ಬಿಳಿ, ಬೂದಿ, ಮತ್ತೆ ಬಿಳಿ. ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಯಿಂದ ಬರುವವರು ಅಂಗಳದ ತುದಿಗೆ ಬರುವವರೆಗೂ ಬರೀ ಒಂದು ಕಪ್ಪು ಗುರುತು. ಹತ್ತಿರ ಬಂದ ಮೇಲಷ್ಟೇ ಅದು ಅಪ್ಪನೋ ಪಕ್ಕದ ಮನೆಯವರೋ ಅಂತ ಗೊತ್ತಾಗುತ್ತಿತ್ತು.

ಆ ತಿಂಗಳುಗಳಲ್ಲಿ ಚಿತ್ರ ಬರೆಯುವುದು ಒಂದು ಸಾಹಸ. ಕಾಗದ ಒಣಗುವುದೇ ಇಲ್ಲ. ಬೆಳಿಗ್ಗೆ ಹಾಕಿದ ಬಣ್ಣ ಸಂಜೆಗೂ ಹಸಿ. ನಾಲ್ಕು ದಿನ ಬಿಟ್ಟರೆ ಬೂಷ್ಟು. ಅಮ್ಮ ನನ್ನ ಹಾಳೆಗಳನ್ನೆಲ್ಲ ಹೊಡತಲಿನ, ಅಂದರೆ ಮಳೆಗಾಲದಲ್ಲಿ ಮೈ ಕಾಯಿಸುವ ಬೆಂಕಿಗೂಡಿನ, ಮೇಲಿನ ಅಟ್ಟದಲ್ಲಿ ಅಡಿಕೆ ಚೀಲದ ಪಕ್ಕ ಇಡುತ್ತಿದ್ದಳು. ಹೊಡತಲಿನ ಬೆಂಕಿಗೆ ಹಾಳೆ ಒಣಗುತ್ತಿತ್ತು, ಜೊತೆಗೆ ಹೊಗೆ ಹಿಡಿದು ಹಳದಿಯೂ ಆಗುತ್ತಿತ್ತು. ನಾನು ಬರೆದ ಆಕಾಶಕ್ಕೆಲ್ಲ ಹೊಗೆಯ ಬಣ್ಣ. ಆ ಕಾಲದ ಎರಡು ಹಾಳೆ ಈಗಲೂ ನನ್ನ ಹತ್ತಿರ ಇವೆ. ಮೂಗಿನ ಹತ್ತಿರ ಹಿಡಿದರೆ ಹೊಗೆ ವಾಸನೆ ಸಣ್ಣಗೆ ಬರುತ್ತದೆ. ಅಥವಾ ಹಾಗೆ ನನಗೆ ಅನಿಸುತ್ತದೋ ಏನೋ.

ಮಳೆಗಾಲದಲ್ಲಿ ನಮಗೆ ಸಿಗುತ್ತಿದ್ದ ಒಂದೇ ಗಾಢ ಬಣ್ಣ ನೀಲಿ. ಅದು ಆಕಾಶದ್ದಲ್ಲ, ಮೈಲುತುತ್ತ ಅನ್ನುವ ತಾಮ್ರದ ಉಪ್ಪಿನದ್ದು. ಅಡಿಕೆಗೆ ಕೊಳೆರೋಗ ಬಾರದಿರಲಿ ಅಂತ ಮಳೆ ಶುರುವಾಗುವ ಹೊತ್ತಿಗೆ ಒಂದು ಸಲ, ಆಮೇಲೆ ನಲವತ್ತು ದಿನ ಬಿಟ್ಟು ಇನ್ನೊಂದು ಸಲ ಔಷಧಿ ಹೊಡೆಯುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದಲ್ಲಿ ವಿಜ್ಞಾನಿಯಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅನ್ನುವವರು ಕೊಳೆರೋಗದ ಮೇಲೆ ಕೆಲಸ ಮಾಡಿ ಈ ಬೋರ್ಡೋ ದ್ರಾವಣವನ್ನು ಮಲೆನಾಡಿನ ತೋಟಕ್ಕೆ ತಂದರು. ಅಪ್ಪನಿಗೆ ಆ ಹೆಸರು ಗೊತ್ತಿರಲಿಲ್ಲ, ಕೆಲಸ ಮಾತ್ರ ಚೆನ್ನಾಗಿ ಗೊತ್ತಿತ್ತು. ಮೈಲುತುತ್ತದ ಹರಳು ಕರಗಿದ ನೀರಿಗೆ ಸುಣ್ಣದ ತಿಳಿ ಸುರಿದಾಗ ಪೀಪಾಯಿಯೊಳಗೆ ಒಂದು ತಿಳಿನೀಲಿ ಏಳುತ್ತದೆ. ಅಂಥ ನೀಲಿಯನ್ನು ನಾನು ಯಾವ ಅಂಗಡಿಯ ಟ್ಯೂಬಿನಲ್ಲೂ ನೋಡಿಲ್ಲ. ಅಪ್ಪ ಕತ್ತಿಯ ಮೊನೆಯನ್ನು ಅದರೊಳಗೆ ಅದ್ದಿ ತೆಗೆದು ನೋಡುತ್ತಿದ್ದರು. ಕತ್ತಿಯ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ, ಇನ್ನೊಂದಿಷ್ಟು ಹಾಕಬೇಕು. ನೀಲಿಯೊಳಗೆ ಮುಳುಗಿಸಿದ ಕಬ್ಬಿಣ ಕೆಂಪಾಗಿ ಮೇಲೆ ಬರುವುದನ್ನು ನೋಡಲು ನಾನು ಶಾಲೆ ತಪ್ಪಿಸಿದ್ದೂ ಇದೆ. 'ಮುಟ್ಟಬೇಡ, ವಿಷ ಅದು' ಅಂತ ಅಪ್ಪ ಗದರುತ್ತಿದ್ದರು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಇಳಿದು ಬಂದಾಗ ಅವನ ಅಂಗಿ, ಕಿವಿ, ಹುಬ್ಬು ಎಲ್ಲ ನೀಲಿ. ತೋಟದ ಮರಗಳಿಗೂ ಒಂದು ನೀಲಿ ಛಾಯೆ ಬಂದು, ಮಳೆ ತೊಳೆಯುವವರೆಗೂ ಹಾಗೇ ಇರುತ್ತಿತ್ತು.

ಆದರೆ ನಮ್ಮೂರ ನಿಜವಾದ ಬಣ್ಣ ಕೆಂಪು. ಇದನ್ನು ನಾನು ತಡವಾಗಿ ಕಂಡುಕೊಂಡೆ.

ನವೆಂಬರ್ ಬಂತೆಂದರೆ ಅಡಿಕೆ ಸುಲಿತ. ಸಂಜೆ ಊಟ ಮುಗಿಸಿ ಏಳು ಮನೆಯ ಹೆಂಗಸರೂ ಒಂದು ದಿನ ಒಬ್ಬರ ಮನೆಯಲ್ಲಿ ಸೇರುತ್ತಿದ್ದರು. ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೂತರೆ ಮಧ್ಯರಾತ್ರಿವರೆಗೂ ಚಕ್ ಚಕ್ ಅಂತ ಒಂದೇ ಸದ್ದು, ಮಾತು, ನಗು, ಯಾರದೋ ಮದುವೆ ಸುದ್ದಿ. ಡಬ್ಬಕ್ಕೆ ಇಷ್ಟು ಅಂತ ಲೆಕ್ಕ. ಸುಲಿದ ಅಡಿಕೆಯನ್ನು ಬೆಳಿಗ್ಗೆ ದೊಡ್ಡ ಹಂಡೆಯಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ಅಡಿಕೆ ಚಪ್ಪರಕ್ಕೆ ಹೋಗುತ್ತದೆ, ಹಂಡೆಯಲ್ಲಿ ಉಳಿದ ನೀರು ಚೊಗರು. ಅದೇ ನೀರಿನಲ್ಲಿ ಮತ್ತೆ ಮತ್ತೆ ಬೇಯಿಸಿದಂತೆ ಚೊಗರು ಮಂದವಾಗುತ್ತಾ ಹೋಗುತ್ತದೆ. ಅಡಿಕೆಗೆ ಒಳ್ಳೆಯ ಬಣ್ಣ ಬರುವುದೇ ಅದರಿಂದ. ಬಟ್ಟೆಗೆ ಬಣ್ಣ ಹಾಕಲೂ ಆಗುತ್ತದೆ. ಹೆಗ್ಗೋಡಿನ ಚರಕ ಅನ್ನುವ ಕೈಮಗ್ಗದ ಸಂಘದವರು ಚೊಗರಿನಲ್ಲಿ ಬಣ್ಣ ಹಾಕಿದ ಸೀರೆಯನ್ನು ಮೊದಲ ಸಲ ನೋಡಿದಾಗ, ಅಯ್ಯೋ ಇದು ನಮ್ಮ ಹಂಡೆ ಬಣ್ಣ ಅಂತ ಅಲ್ಲೇ ನಿಂತುಬಿಟ್ಟಿದ್ದೆ.

ನನಗೆ ಮೊದಲ ಬಣ್ಣ ಸಿಕ್ಕಿದ್ದು ಆ ಹಂಡೆಯಲ್ಲಿ. ಬಣ್ಣದ ಪೆಟ್ಟಿಗೆ ಕೊಳ್ಳುವ ದುಡ್ಡು ಮನೆಯಲ್ಲಿರಲಿಲ್ಲ, ಅದನ್ನು ಕೇಳಬೇಕು ಅಂತಲೂ ಗೊತ್ತಿರಲಿಲ್ಲ. ತೆಂಗಿನ ಕರಟದಲ್ಲಿ ಚೊಗರು ತುಂಬಿಕೊಂಡು, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತಿದ್ದೆ. ಮೊದಲ ಸಲ ಎಳೆದಾಗ ಅದು ಬರೀ ತಿಳಿಯಾದ ಕಂದು, ನಮ್ಮ ಅಂಗೈ ಬಣ್ಣ. ಒಣಗಿದ ಮೇಲೆ ಅದರ ಮೇಲೇ ಇನ್ನೊಂದು ಸಲ ಎಳೆದರೆ ಕೆಂಪು ಬರುತ್ತದೆ. ಮೂರನೇ ಸಲಕ್ಕೆ ದಾಸವಾಳ ಬಾಡಿದ ಹಾಗೆ ಗಾಢ. ಕಾಯಬೇಕು ಅಷ್ಟೇ. ಒಮ್ಮೆ ಅದರಲ್ಲಿ ತುಕ್ಕು ಹಿಡಿದ ಮೊಳೆ ಬಿದ್ದಿತ್ತು. ಮರುದಿನ ನೋಡಿದರೆ ಚೊಗರು ಕಪ್ಪಾಗಿದೆ. ಚೊಗರಿಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಅಡಿಕೆ ಸುಲಿಯುವವರ ಬೆರಳೆಲ್ಲ ಕಪ್ಪಗಿರುವುದೂ ಅದಕ್ಕೇ. ಅವತ್ತಿನಿಂದ ನನ್ನ ಹತ್ತಿರ ಎರಡು ಕರಟ: ಒಂದು ಕೆಂಪು, ಒಂದು ಕಪ್ಪು. ಇಷ್ಟು ವರ್ಷ ಕಳೆದರೂ ನನ್ನ ಕೆಲಸದ ಮೇಜಿನ ಮೇಲೆ ಆ ಎರಡು ಬಾಟಲಿ ಇದ್ದೇ ಇರುತ್ತವೆ. ಚೊಗರನ್ನು ಊರಿಂದ ಯಾರಾದರೂ ತಂದುಕೊಡುತ್ತಾರೆ. ಮೊಳೆ ಇಲ್ಲೇ ಸಿಗುತ್ತದೆ.

ಊರಿನ ತುದಿಯ ಮನೆ ಚಿತ್ತಾರದ ಅಜ್ಜಿಯದು. ಅವರು ದೀವರು ಸಮುದಾಯದವರು. ಸಾಗರ, ಸೊರಬದ ಕಡೆಯ ದೀವರ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಆ ಗೆರೆಗೆ ಎಳೆ ಅಂತ ಹೆಸರು. ಕಪ್ಪು ಬೇಕಾದರೆ ಅಕ್ಕಿಯನ್ನೇ ಕರಿಯಾಗುವ ತನಕ ಹುರಿದು ಅರೆಯುತ್ತಾರೆ. ಹಳದಿಗೆ ಗುರಿಗೆ ಬೀಜ. ಕುಂಚ ಪುಂಡಿ ನಾರಿನದು. ಬಿಳಿಯೂ ಅಕ್ಕಿ, ಕಪ್ಪೂ ಅಕ್ಕಿ ಅನ್ನುವುದು ನನಗೆ ಆಗ ದೊಡ್ಡ ಆಶ್ಚರ್ಯ.

ಅಜ್ಜಿಗೆ ಸ್ಕೇಲ್ ಇಲ್ಲ, ಪೆನ್ಸಿಲ್ ಇಲ್ಲ. ಗೋಡೆಯ ಮುಂದೆ ಸ್ವಲ್ಪ ಹೊತ್ತು ಸುಮ್ನೆ ನಿಲ್ಲುತ್ತಿದ್ದರು. ಆಮೇಲೆ ನಾರನ್ನು ಬಟ್ಟಲಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಒಮ್ಮೆ ಒರೆಸಿ, ಗೋಡೆಗೆ ತಾಗಿಸಿ ಎಳೆದರೆ ಮೊಣಕೈ ಉದ್ದದ ಎಳೆ ಒಂದೇ ಉಸಿರಿಗೆ ಬರುತ್ತಿತ್ತು. ಎಲ್ಲೂ ದಪ್ಪ ಇಲ್ಲ, ಎಲ್ಲೂ ಸಣ್ಣ ಇಲ್ಲ. ಅದರ ಪಕ್ಕ ಒಂದು ಕೂದಲಿನಷ್ಟು ಜಾಗ ಬಿಟ್ಟು ಇನ್ನೊಂದು. ಬರೆಯುತ್ತಲೇ ಸಣ್ಣ ದನಿಯಲ್ಲಿ ಹಾಡು. ನಾನು ಪಕ್ಕದಲ್ಲಿ ಕೂತು ಬಟ್ಟಲು ಹಿಡಿಯುವವಳು.

ನನಗೆ ಹನ್ನೊಂದು ವರ್ಷವಿದ್ದಾಗ ಒಂದು ದಿನ ನಾರು ನನ್ನ ಕೈಗೆ ಕೊಟ್ಟರು. ಎಳೆದೆ. ಅರ್ಧಕ್ಕೆ ಕೈ ನಡುಗಿ ಗೆರೆ ಸೊಟ್ಟಗಾಯಿತು. ಒರೆಸಲು ಹೋದೆ.

'ಒರೆಸಬ್ಯಾಡ ಮಗಾ. ಒರೆಸಿದ್ರೆ ಗ್ವಾಡೆ ಮಾಸ್ತದೆ.'

'ಸೊಟ್ಟ ಆಯ್ತಲ್ಲ ಅಜ್ಜಿ?'

'ಆಗ್ಲಿ ಮಾರಾಯ್ತಿ. ಅದರ ಪಕ್ಕಕ್ಕೆ ಇನ್ನೊಂದು ಎಳಿ. ಅದು ಹ್ಯಾಂಗೆ ಸೊಟ್ಟ ಹೋಗೈತೋ ಇದೂ ಹಂಗೇ ಹೋಗ್ಲಿ.'

ಎಳೆದೆ. ಅದರ ಪಕ್ಕ ಇನ್ನೊಂದು. ಐದು ಎಳೆ ಆಗುವ ಹೊತ್ತಿಗೆ ಆ ಸೊಟ್ಟ ಜಾಗ ಗದ್ದೆಯ ಅಂಚು ತಿರುಗಿದ ಹಾಗೆ ಕಾಣತೊಡಗಿತು. ಅಜ್ಜಿ ಬೇರೇನೂ ಹೇಳಲಿಲ್ಲ, ಬಟ್ಟಲು ವಾಪಸ್ ತೆಗೆದುಕೊಂಡು ತಮ್ಮ ಕೆಲಸ ಮುಂದುವರಿಸಿದರು. ನಾನು ಚಿತ್ರ ಕಲಿತಿದ್ದು ಎಲ್ಲಿ ಅಂತ ಯಾರಾದರೂ ಕೇಳಿದರೆ ಕಲಾಶಾಲೆಯ ಹೆಸರಿಗಿಂತ ಮೊದಲು ನನಗೆ ನೆನಪಾಗುವುದು ಆ ಐದು ಎಳೆ.

ಕಲಾಶಾಲೆಯಲ್ಲಿ ಆದ ಒಂದು ವಿಷಯ ಮಾತ್ರ ಹೇಳುತ್ತೇನೆ. ಮೊದಲ ವರ್ಷ ನಾನು ಚೊಗರಿನಲ್ಲಿ ಬರೆದ ಎಳೆಗಳನ್ನು ನೋಡಿ ಒಬ್ಬ ಮೇಷ್ಟ್ರು, ಇದು ಹಳ್ಳಿಯವರ ಕುಸುರಿ ಕೆಲಸ, ಕಲೆ ಬೇರೆ, ಮೊದಲು ನೋಡಿದ್ದನ್ನು ನೋಡಿದ ಹಾಗೆ ಬರೆಯುವುದನ್ನು ಕಲಿ ಅಂದರು. ಕಲಿತೆ. ನೆರಳು, ಬೆಳಕು, ದೂರ, ಹತ್ತಿರ ಎಲ್ಲ ಕಲಿತೆ, ಅದಕ್ಕೆ ಋಣಿಯಾಗಿದ್ದೇನೆ. ಆದರೆ ಆ ಮಾತಿನಿಂದ ಹನ್ನೆರಡು ವರ್ಷ ನಾನು ಎಳೆ ಎಳೆಯಲಿಲ್ಲ. ಹಸಿರು ಗುಡ್ಡ, ಹಸಿರು ಗದ್ದೆ, ಮಂಜು, ಹೆಂಚಿನ ಮನೆ ಅಂತ ಬರೆದೆ. ಅವು ಮಾರಾಟವೂ ಆದವು. ಮನೆಗೆ ಆಸರೆಯಾದವು. ಊರಿಗೆ ಹೋದಾಗ ಮಾತ್ರ ಅಂಥ ಒಂದು ಚಿತ್ರವನ್ನೂ ಅಜ್ಜಿಗೆ ತೋರಿಸುವ ಮನಸ್ಸಾಗುತ್ತಿರಲಿಲ್ಲ.

ಅಷ್ಟು ಹೊತ್ತಿಗೆ ನಮ್ಮೂರ ಹಸಿರೂ ಬೇರೆ ಆಗಿತ್ತು. ಗುಡ್ಡದ ಮೇಲೆಲ್ಲ ಅಕೇಶಿಯಾ ಬಂದಿತ್ತು. ಹಳೇ ಕಾಡಿನ ಹಸಿರು ಒಂದೇ ಥರ ಇರುವುದಿಲ್ಲ. ಬೇಸಿಗೆಗೆ ಮುಂಚೆ ಸಾಗಡೆ, ಮಾವು, ನಾಗಸಂಪಿಗೆ ಚಿಗುರಿದರೆ ಇಡೀ ಕಾಡು ತಾಮ್ರದ ಹಾಗೆ ಕೆಂಪಾಗುತ್ತದೆ, ಹದಿನೈದು ದಿನ ಬಿಟ್ಟು ನೋಡಿದರೆ ಎಳೆಹಸಿರು, ಆಮೇಲೆ ಕಡುಹಸಿರು. ಅಕೇಶಿಯಾ ಹಾಗಲ್ಲ, ವರ್ಷ ಪೂರ್ತಿ ಅದೇ ಬಣ್ಣ. ದೂರದಿಂದ ನೋಡುವವರಿಗೆ ಅದೂ ಹಸಿರೇ, ಫೋಟೋದಲ್ಲಿ ಚೆನ್ನಾಗಿಯೇ ಬರುತ್ತದೆ. ಅದರ ಕೆಳಗೆ ಹುಲ್ಲು ಸರಿಯಾಗಿ ಬರುವುದಿಲ್ಲ, ದನ ಎಲೆಗೆ ಬಾಯಿ ಹಾಕುವುದಿಲ್ಲ. ಹಸಿರು ಜಾಸ್ತಿ ಹಾಕಿ ಅಂದವರಿಗೆ ಇದನ್ನೂ ಹೇಳಬೇಕಿತ್ತು ನಾನು.

ಅಜ್ಜ ತೀರಿಕೊಂಡ ವರ್ಷ ಬೇಸಿಗೆಯಲ್ಲಿ ಊರಲ್ಲಿದ್ದೆ. ಮಳೆ ಕಡಿಮೆಯಾಗಿದ್ದ ವರ್ಷ. ಹಿನ್ನೀರು ತುಂಬ ಕೆಳಗೆ ಇಳಿದಿತ್ತು. ಹಾಗೆ ಇಳಿದ ವರ್ಷಗಳಲ್ಲಿ ಮಡೇನೂರಿನ ಹಳೇ ಅಣೆಕಟ್ಟು ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅದು 1948ರ ಹಿರೇಭಾಸ್ಕರ ಅಣೆಕಟ್ಟು. ಲಿಂಗನಮಕ್ಕಿಗಿಂತ ಮೊದಲಿನದು, ಲಿಂಗನಮಕ್ಕಿ ನೀರಿನಲ್ಲೇ ಮುಳುಗಿತು. ಊರುಗಳ ಜೊತೆ ಒಂದು ಅಣೆಕಟ್ಟೂ ಮುಳುಗಿದೆ ಅನ್ನುವುದು ಹೊರಗಿನವರಿಗೆ ಹೆಚ್ಚು ಗೊತ್ತಿಲ್ಲ.

ನಾನು ಮಡೇನೂರಿಗೆ ಹೋಗಲಿಲ್ಲ. ನಮ್ಮ ಮನೆಯ ಕೆಳಗೇ ಇಳಿದೆ. ಗುಡ್ಡದ ಕಾಡು ಮುಗಿಯುವಲ್ಲಿ ಹಸಿರೂ ಮುಗಿಯುತ್ತದೆ, ಚಾಕುವಿನಲ್ಲಿ ಕೊಯ್ದ ಹಾಗೆ. ಅಲ್ಲಿಂದ ಕೆಳಗೆ ನೀರಿನವರೆಗೂ ಬರೀ ಕೆಂಪು ಮಣ್ಣು. ಒಂದು ಹುಲ್ಲುಕಡ್ಡಿ ಇಲ್ಲ. ವರ್ಷಕ್ಕೆ ಎಷ್ಟೋ ತಿಂಗಳು ನೀರಿನಡಿ ಇದ್ದು ತೊಳೆದು ತೊಳೆದು ಉಳಿದ ಕೆಮ್ಮಣ್ಣು, ನಡುನಡುವೆ ಜಂಬಿಟ್ಟಿಗೆ ಕಲ್ಲು, ಕಪ್ಪು ಬೊಡ್ಡೆಗಳು. ಬಿಸಿಲಿಗೆ ಕಾಲು ಸುಡುತ್ತಿತ್ತು. ಅಜ್ಜ ಹೇಳಿದ ಲೆಕ್ಕದಲ್ಲೇ ನಡೆದೆ. ಮತ್ತಿ ಮರ, ಎಡಕ್ಕೆ ಹತ್ತು ಮಾರು. ಬಾವಿ ಸಿಗಲಿಲ್ಲ, ಹೂತು ಹೋಗಿರಬೇಕು. ಆದರೆ ಒರಳು ಸಿಕ್ಕಿತು. ಕಲ್ಲಿನ ಒರಳು, ಅರ್ಧ ಮಣ್ಣಿನಲ್ಲಿ. ಅದರ ಗುಂಡಿಯಲ್ಲಿ ಒಂದು ಬೊಗಸೆ ನೀರು ನಿಂತಿತ್ತು, ನೀರಿನಲ್ಲಿ ಬೆರಳಷ್ಟುದ್ದದ ಒಂದು ಮೀನುಮರಿ ಓಡಾಡುತ್ತಿತ್ತು. ಅಲ್ಲೇ ಕೂತೆ. ಎಷ್ಟು ಹೊತ್ತು ಅಂತ ನೆನಪಿಲ್ಲ.

ಎದ್ದು ಹಿಂತಿರುಗಿ ಮೇಲೆ ನೋಡಿದಾಗ ಕಂಡಿತು. ಇಡೀ ದಂಡೆಯ ತುಂಬ ಗೆರೆ. ನೀರು ಒಮ್ಮೆಲೇ ಇಳಿಯುವುದಿಲ್ಲ ಅಲ್ವಾ, ಸ್ವಲ್ಪ ಇಳಿಯುತ್ತದೆ, ನಿಲ್ಲುತ್ತದೆ, ಮತ್ತೆ ಇಳಿಯುತ್ತದೆ. ನಿಂತ ಕಡೆಯೆಲ್ಲ ಅಲೆ ಬಡಿದು ಮಣ್ಣಿನಲ್ಲಿ ಒಂದು ಗೆರೆ ಕೊರೆದಿರುತ್ತದೆ. ಕೆಂಪು ಮಣ್ಣಿನ ಮೇಲೆ ಒಂದರ ಕೆಳಗೆ ಒಂದು, ನೂರಾರು. ದಂಡೆ ಎಲ್ಲಿ ಒಳಗೆ ತಿರುಗುತ್ತದೋ ಅಲ್ಲಿ ಎಲ್ಲ ಗೆರೆಗಳೂ ಒಟ್ಟಿಗೆ ಒಳಗೆ ತಿರುಗುತ್ತವೆ. ಎಲ್ಲಿ ಸೊಟ್ಟವೋ ಅಲ್ಲಿ ಎಲ್ಲವೂ ಸೊಟ್ಟ. ನನ್ನ ಕಾಲ ಕೆಳಗಿನಿಂದ ಹಿಡಿದು ಕಣ್ಣು ಹೋಗುವ ದೂರದವರೆಗೆ ಅಜ್ಜಿಯ ಹಸೆಗೋಡೆ ಮಲಗಿಕೊಂಡಿತ್ತು.

ಮನೆಗೆ ಓಡಿದೆ. ಅಮ್ಮನ ಹತ್ತಿರ ಹಳೇ ಚೊಗರು ಇತ್ತು, ಮಡಕೆಯಲ್ಲಿ. ಆ ರಾತ್ರಿ ಹನ್ನೆರಡು ವರ್ಷದ ಮೇಲೆ ಮತ್ತೆ ಎಳೆ ಎಳೆದೆ. ನನ್ನ ದಂಡೆ ಚಿತ್ರಗಳು ಶುರುವಾಗಿದ್ದು ಹಾಗೆ. ಅದರಲ್ಲಿ ಮನೆ ಇಲ್ಲ, ಗದ್ದೆ ಇಲ್ಲ, ಮನುಷ್ಯರಿಲ್ಲ. ಕೆಂಪು, ಕಪ್ಪು, ಕಾಗದದ ಬಿಳಿ. ಮೇಲ್ಗಡೆ ತುದಿಯಲ್ಲಿ ಒಂದು ಬೆರಳಗಲ ಹಸಿರು, ಅದು ಅಲ್ಲಿ ಇರುವುದೇ ಅಷ್ಟು. ನೋಡಿದವರು ಇದು ಮರುಭೂಮಿಯಾ ಅಂತ ಕೇಳಿದ್ದಾರೆ. ಇಲ್ಲ, ಇದು ಮಲೆನಾಡು, ನಮ್ಮನೆ ಕೆಳಗಿನ ಜಾಗ ಅಂತ ಹೇಳುತ್ತೇನೆ. ಫೋನ್ ಮಾಡಿದವರಿಗೆ ನಾನು ಕೊಡಬೇಕಿದ್ದ ಉತ್ತರವೂ ಇದೇ. ಹಸಿರಿನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮೂರವರು ಕಳೆದುಕೊಂಡಿದ್ದು ಇರುವುದು ಆ ಕೆಂಪಿನ ಕೆಳಗೆ. ಅದನ್ನು ಮುಚ್ಚಿ ಮೇಲೆ ಹಸಿರು ಬಳಿಯಲು ನನ್ನ ಕೈ ಒಪ್ಪುವುದಿಲ್ಲ.

2025ರ ಜುಲೈ 14ರಂದು ಹೊಳೆಬಾಗಿಲ ಕಡೆಯ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸೇತುವೆ ಆಯಿತು. ಎರಡು ಕಿಲೋಮೀಟರ್ ನಾನೂರ ನಲವತ್ತು ಮೀಟರ್ ಉದ್ದ. ಅಜ್ಜ, ಅಪ್ಪ ಜೀವಮಾನ ಪೂರ್ತಿ ಕೇಳಿಕೊಂಡು ಬಂದ ಸೇತುವೆ. ಅಕ್ಟೋಬರ್‌ನಲ್ಲಿ ಭೂಮಿ ಹುಣ್ಣಿಮೆಗೆ ಊರಿಗೆ ಹೊರಟೆ. ಲಾಂಚ್‌ನಲ್ಲಿ ಕಾದು, ಗಾಳಿಗೆ ಮುಖ ಕೊಟ್ಟು ನಿಂತು ದಾಟುತ್ತಿದ್ದ ನೀರನ್ನು ಕಾರು ಕೆಲವೇ ನಿಮಿಷಕ್ಕೆ ದಾಟಿತು. ನನಗೆ ಅಳು ಬಂತು. ಖುಷಿಗೇ ಬಂದಿದ್ದು. ಈ ಸೇತುವೆ ಮೂವತ್ತು ವರ್ಷ ಮೊದಲು ಆಗಿದ್ದರೆ ಪಕ್ಕದ ಮನೆಯ ಅತ್ತಿಗೆ ಹೆರಿಗೆಯಲ್ಲಿ ಉಳಿಯುತ್ತಿದ್ದರು.

ಏಳು ಮನೆಯಲ್ಲಿ ಈಗ ಒಲೆ ಉರಿಯುವುದು ಮೂರರಲ್ಲಿ. ನಮ್ಮ ಮನೆಗೆ ಬೀಗ. ಅಮ್ಮ ನನ್ನ ಜೊತೆ ಇದ್ದಾಳೆ. ನಾನು ಉಳಿದುಕೊಂಡಿದ್ದು ಚಿತ್ತಾರದ ಅಜ್ಜಿಯ ಮನೆಯಲ್ಲಿ. ಅಜ್ಜಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಬೂಮಣ್ಣಿ ಬುಟ್ಟಿ ಬರೆಯುವುದು ಸೊಸೆ. ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಒಣಗಿಸಿ, ಅದರ ಮೇಲೆ ಅಕ್ಕಿ ಹಿಟ್ಟಿನ ಎಳೆ. ಎರಡು ಬುಟ್ಟಿ: ಒಂದು ಬೂಮಣ್ಣಿಯದು, ಇನ್ನೊಂದು ಹಚ್ಚಂಬಲಿಯದು. ನಾನೂ ಕೂತೆ. ಅಜ್ಜಿ ಪಕ್ಕದಲ್ಲಿ ಕೂತು, ಒಣಗಿದ ಬುಟ್ಟಿಯ ಮೇಲೆ ಬೆರಳಾಡಿಸಿ ಎಳೆ ಎಣಿಸುತ್ತಿದ್ದರು. ಒಂದು ಕಡೆ ಬೆರಳು ನಿಂತಿತು.

'ಇದು ಯಾರು ಎಳೆದಿದ್ದು?'

'ನಾನು ಅಜ್ಜಿ.'

'ಹ್ಞೂ' ಅಂದರು. ಬೆರಳು ಮುಂದೆ ಹೋಯಿತು.

ರಾತ್ರಿಯೆಲ್ಲ ಅಡುಗೆ. ಕೊಟ್ಟೆ ಕಡುಬು, ಹತ್ತಾರು ಸೊಪ್ಪಿನ ಹಚ್ಚಂಬಲಿ, ಅಮಟೆಕಾಯಿ ಗೊಜ್ಜು. ಆ ಹೊತ್ತಿಗೆ ಭತ್ತ ಹೊಡೆ ತುಂಬಿರುತ್ತದೆ, ಭೂಮಿ ತುಂಬಿದ ಬಸುರಿ, ಅವಳಿಗೆ ಬಯಕೆ ಊಟ. ಬೆಳಕು ಹರಿಯುವ ಮೊದಲೇ ಅಜ್ಜಿಯ ಮಗ ಬುಟ್ಟಿ ತಲೆಯ ಮೇಲೆ ಹೊತ್ತು ಹೊರಟರು, ಮುಂದೆ ಮೊಮ್ಮಗ ಟಾರ್ಚ್ ಹಿಡಿದು. ಹಿಂದೆ ನಾವು. ಗದ್ದೆ ಹತ್ತಿರ ಬಂದಾಗ ಅವರು ಭೂಮಿತಾಯಿಯನ್ನು ಊಟಕ್ಕೆ ಕರೆದು, ಕೂಗುತ್ತಾ ನಾಲ್ಕೂ ಮೂಲೆಗೆ ಚರಗ ಚೆಲ್ಲಿದರು. ಅವರಿಗೆ ಈಗ ಇರುವುದು ಮುಕ್ಕಾಲು ಎಕರೆ. ಬೇಗ ಮುಗಿಯಿತು.

ಇನ್ನು ಮನೆಗೆ ಹೋಗುವುದು ಅಂದುಕೊಂಡೆ. ಅವರು ಹೋಗಲಿಲ್ಲ. ಗದ್ದೆ ದಾಟಿ ಕೆಳಗೆ ಇಳಿಯತೊಡಗಿದರು. ಈ ಸಲ ಹಿನ್ನೀರು ತುಂಬಿತ್ತು, ಕೆಂಪು ದಂಡೆ ಒಂದಿಷ್ಟೂ ಕಾಣುತ್ತಿರಲಿಲ್ಲ, ನೀರು ಕಾಡಿನ ಬುಡಕ್ಕೇ ಬಂದು ನಿಂತಿತ್ತು. ನೀರಿನ ಅಂಚಿನಲ್ಲಿ ನಿಂತು ಬುಟ್ಟಿ ಇಳಿಸಿದರು.

'ಇಲ್ಲಿ ಯಾಕಣ್ಣ?' ಅಂತ ಕೇಳಿದೆ.

'ಎಂತ ತಂಗಿ, ಕೆಳಗೆ ಹಳೇ ಗದ್ದೆ ಐತಲ್ಲ. ಅಪ್ಪ ಇದ್ದಾಗಿಂದ ಹಿಂಗೇ. ಅದಕ್ಕೂ ಹಾಕ್ಬೇಕು.'

ಬುಟ್ಟಿಯಲ್ಲಿ ಉಳಿದಿದ್ದ ಹಚ್ಚಂಬಲಿಯನ್ನು ಬೊಗಸೆಯಲ್ಲಿ ತೆಗೆದು, ಗದ್ದೆಯಲ್ಲಿ ಕೂಗಿದ ಹಾಗೇ ಇಲ್ಲೂ ಕೂಗಿ, ನೀರಿಗೆ ಬೀಸಿದರು. ಮೂರು ಸಲ. ಬೆಳಕು ಆಗಷ್ಟೇ ಹರಿಯುತ್ತಿತ್ತು. ಅನ್ನದ ಕಾಳು ಸ್ವಲ್ಪ ಹೊತ್ತು ಬೆಳ್ಳಗೆ ಚದುರಿಕೊಂಡು ತೇಲಿ, ಒಂದೊಂದೇ ಕೆಳಗೆ ಇಳಿದವು.